ಹಣ್ಣಿನ ರೂಪ ನೋಡಬೇಡಿ, ಬಳಗ ವಿಚಾರಿಸಿ

ಪ್ರಶ್ನೆ: ಅಮೆರಿಕದ ಅಟ್ಲಾಂಟಾ ಹೊರವಲಯದಲ್ಲಿ ನಮ್ಮ ಮನೆ. ಸೊಪ್ಪು, ತೆಂಗಿನಕಾಯಿಗೆಂದು ಬ್ಯೂಫರ್ಡ್ ಹೈವೇ ಕಡೆಯ ದೊಡ್ಡ ಅಂತರರಾಷ್ಟ್ರೀಯ ಮಾರ್ಕೆಟ್‌ಗೆ ಹೋಗುತ್ತಿರುತ್ತೇವೆ. ಅಲ್ಲಿ ಮ್ಯಾಂಗೋಸ್ಟೀನ್, ರಂಬುಟಾನ್, ಡುರಿಯನ್, ಸ್ಟಾರ್ ಫ್ರೂಟ್, ಮಾಮೆ, ಸೋರ್‌ಸಾಪ್ ಎಂದೆಲ್ಲ ಹೆಸರು ಬರೆದ ಹಣ್ಣುಗಳ ರಾಶಿ. 9 ಮತ್ತು 4 ವರ್ಷದ ನಮ್ಮ ಮಕ್ಕಳಿಗೆ ಎಲ್ಲವೂ ಬೇಕು. ಮೊದಲು ಯಾವುದನ್ನು ತರಬೇಕು? ಹಣ್ಣಾಗಿದೆ ಎಂದು ಹೇಗೆ ತಿಳಿಯುವುದು? ಯಾವುದರಿಂದಲಾದರೂ ಅಪಾಯವಿದೆಯೇ? ಈಗ ಶಿರಸಿಯಿಂದ ಮಾವನವರೂ ಬಂದಿದ್ದಾರೆ. ಅವರಿಗೆ ಸಕ್ಕರೆ ಕಾಯಿಲೆ, ಕೊಲೆಸ್ಟ್ರಾಲ್ ಮಾತ್ರೆ ನಡೆಯುತ್ತಿದೆ, ಕಿಡ್ನಿಯೂ ದುರ್ಬಲ ಎಂದು ವೈದ್ಯರು ಹೇಳಿದ್ದಾರೆ. ಒಳ್ಳೆಯ ಹಣ್ಣು ಸಿಕ್ಕರೆ ಬೀಜವನ್ನು ಊರಿನ ಅಡಿಕೆ ತೋಟಕ್ಕೆ ಒಯ್ಯುವ ಆಸೆ ಅವರದು.

ಉತ್ತರ: ಮೊದಲು ಮಾವನವರ ವಿಷಯ ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ಅವರಿಗೆ ಸ್ಟಾರ್ ಫ್ರೂಟ್ ಕೊಡಲೇಬೇಡಿ. ಒಂದು ಹೋಳೂ ಬೇಡ, ಜ್ಯೂಸ್ ಅಂತೂ ಬೇಡವೇ ಬೇಡ. ನಮ್ಮಲ್ಲಿ ಧಾರೆಹುಳಿ, ಕಮರಾಕ್ಷಿ ಎಂದು ಕರೆಯುವ ಹಣ್ಣೇ ಅದು. ಮಾವನವರಿಗೆ ಪರಿಚಿತವೇ ಇರಬಹುದು. ‘ಹುಡುಗರಾಗಿದ್ದಾಗ ಉಪ್ಪು ಖಾರ ಹಚ್ಚಿಕೊಂಡು ಎಷ್ಟು ತಿಂದಿಲ್ಲ’ ಎಂದು ಅವರು ಹೇಳಲೂಬಹುದು. ಆಗ ಅವರ ಕಿಡ್ನಿ ಗಟ್ಟಿಯಾಗಿತ್ತು, ಈಗ ಹಾಗಿಲ್ಲ.

ಈ ಹಣ್ಣಿನಲ್ಲಿ ಕಿಡ್ನಿಯಲ್ಲಿ ಹರಳುಗಟ್ಟಬಲ್ಲ ಆಕ್ಸಲೇಟ್ ಎಂಬ ವಸ್ತು ಧಾರಾಳವಾಗಿದೆ. ಅದರ ಜೊತೆಗೆ ಮಿದುಳಿನ ನರಕೋಶಗಳನ್ನು ಕೆರಳಿಸುವ ಕ್ಯಾರಂಬಾಕ್ಸಿನ್ ಎಂಬ ವಿಷವೂ ಇದೆ. ಅದನ್ನು ಬೇರ್ಪಡಿಸಿ ಗುರುತಿಸಿದವರು ಬ್ರೆಜಿಲ್‌ನ ಸಾವೊ ಪಾಲೊ ವಿಶ್ವವಿದ್ಯಾಲಯದ ಸಂಶೋಧಕರು, 2013ರಲ್ಲಿ. ಕಿಡ್ನಿ ಸರಿಯಿದ್ದವರು ಎರಡು ಹೋಳು ತಿಂದರೆ ಅದು ಮೂತ್ರದಲ್ಲಿ ಹೊರಟುಹೋಗುತ್ತದೆ. ಕಿಡ್ನಿ ಸೋತವರಲ್ಲಿ ರಕ್ತದಲ್ಲೇ ಉಳಿದು ಮಿದುಳನ್ನು ಮುಟ್ಟುತ್ತದೆ. ಸಾಮಾನ್ಯವಾಗಿ ಮೊದಲು ಕಾಣುವುದು ನಿಲ್ಲದ ಬಿಕ್ಕಳಿಕೆ. ಆಮೇಲೆ ವಾಂತಿ, ಮಂಕು, ಮಾತಿನಲ್ಲಿ ಗೊಂದಲ, ಫಿಟ್ಸ್. ಸಾವುಗಳೂ ಸಂಭವಿಸಿವೆ. ಇದಕ್ಕೆ ಪ್ರತ್ಯೌಷಧವಿಲ್ಲ, ಡಯಾಲಿಸಿಸ್ ಮಾಡಿಯೇ ವಿಷವನ್ನು ತೆಗೆಯಬೇಕು. ಅಪ್ಪಿತಪ್ಪಿ ತಿಂದು ಬಿಕ್ಕಳಿಕೆ ಶುರುವಾದರೆ ನೀರು ಕುಡಿಸಿ ಕಾಯುತ್ತ ಕೂರಬೇಡಿ. ಆಸ್ಪತ್ರೆಗೆ ಹೋಗಿ, ತಿಂದದ್ದು ಸ್ಟಾರ್ ಫ್ರೂಟ್ ಎಂದು ಹೆಸರಿಟ್ಟು ಹೇಳಿ. ಹೇಳದಿದ್ದರೆ ವೈದ್ಯರು ಪಾರ್ಶ್ವವಾಯುವೋ ಇನ್ನೊಂದೋ ಎಂದು ಹುಡುಕುತ್ತ ಹೊತ್ತು ಕಳೆದುಹೋಗಬಹುದು.

ಮಕ್ಕಳು ಊಟದ ನಂತರ ಎರಡು ಹೋಳು ತಿನ್ನಲಿ, ಅಡ್ಡಿಯಿಲ್ಲ. ಆದರೆ ಕಿಡ್ನಿ ಚೆನ್ನಾಗಿರುವವರೂ ಖಾಲಿ ಹೊಟ್ಟೆಯಲ್ಲಿ ಲೋಟಗಟ್ಟಲೆ ಇದರ ರಸ ಕುಡಿದು, ಆಕ್ಸಲೇಟ್‌ನಿಂದ ಕಿಡ್ನಿ ಕೆಡಿಸಿಕೊಂಡ ಉದಾಹರಣೆಗಳಿವೆ. ಇದರ ತೀರ ಹತ್ತಿರದ ನೆಂಟ ಬಿಂಬುಳಿ, ಮಂಗಳೂರಿನವರು ಮೀನಿನ ಸಾರಿಗೂ ಉಪ್ಪಿನಕಾಯಿಗೂ ಹಾಕುವ ಹುಳಿಕಾಯಿ. ಕೊಲೆಸ್ಟ್ರಾಲ್ ಇಳಿಯುತ್ತದೆಂದು ನಂಬಿ ಕೇರಳದಲ್ಲಿ ಬಿಂಬುಳಿಯ ರಸ ಕುಡಿದವರು ಕಿಡ್ನಿ ವೈಫಲ್ಯದಿಂದ ಆಸ್ಪತ್ರೆ ಸೇರಿದ್ದು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿದೆ. ಸಾರಿಗೆ ನಾಲ್ಕು ಬಿಂಬುಳಿ ಹಾಕುವುದಕ್ಕೂ ಅದರ ರಸ ಹಿಂಡಿ ಔಷಧವೆಂದು ಕುಡಿಯುವುದಕ್ಕೂ ಬಹಳ ವ್ಯತ್ಯಾಸವಿದೆ.

ಬಿಂಬುಳಿಯ ನೆಂಟಸ್ತನವನ್ನು ಬೇಕೆಂದೇ ಎತ್ತಿದೆ. ಹಣ್ಣಿನಂಗಡಿಯಲ್ಲಿ ನಾವೆಲ್ಲ ಮೊದಲು ನೋಡುವುದು ಬಣ್ಣ, ಆಕಾರ, ಮುಳ್ಳು. ತೋಟಗಾರಿಕೆ ಓದಿದವರು ವಿಚಾರಿಸುವುದು ಬಳಗವನ್ನು. ಯಾವ ಬಳಗ ಎಂದು ಗೊತ್ತಾದರೆ ಅದರ ರುಚಿ ಎತ್ತ ವಾಲುತ್ತದೆ, ಸಿಪ್ಪೆ ಬೀಜಗಳಲ್ಲಿ ಏನಿರಬಹುದು, ಯಾರಿಗೆ ಒಗ್ಗದು ಎಂಬುದರ ಅರ್ಧ ಅಂದಾಜು ಸಿಗುತ್ತದೆ. ಮಲೆನಾಡಿನ ಮನೆಯಿಂದ ಬಂದ ನಿಮಗೆ ಆ ಅಂಗಡಿಯ ಮುಕ್ಕಾಲು ಪಾಲು ಹಣ್ಣುಗಳ ಅಣ್ಣ ತಮ್ಮಂದಿರು ಆಗಲೇ ಗೊತ್ತು.

ರೂಪ ಎಷ್ಟು ದಾರಿ ತಪ್ಪಿಸುತ್ತದೆ ನೋಡಿ. ಡುರಿಯನ್‌ಗೂ ಹಲಸಿಗೂ ಮೈತುಂಬ ಮುಳ್ಳು, ಒಳಗೆ ತೊಳೆ. ಆದರೆ ಇಬ್ಬರಿಗೂ ಸಂಬಂಧವೇ ಇಲ್ಲ. ಹಲಸು ಆಲ, ಅತ್ತಿ, ಹಿಪ್ಪುನೇರಳೆಗಳ ಬಳಗ. ಡುರಿಯನ್ ದಾಸವಾಳ, ಬೆಂಡೆ, ಹತ್ತಿ, ಬೂರುಗದ ಬಳಗ. ಹಲಸಿನ ತೊಳೆಯ ರುಚಿಯನ್ನು ನಿರೀಕ್ಷಿಸಿ ಡುರಿಯನ್ ಬಾಯಿಗಿಟ್ಟವರು ನಿರಾಶರಾಗುವುದು ಸಹಜ. ಇನ್ನೊಂದು ಕಡೆ, ಮೈತುಂಬ ಕೂದಲಿನ ರಂಬುಟಾನ್, ಕಂದು ಗೋಲಿಯಂಥ ಲಾಂಗನ್, ಒರಟು ಸಿಪ್ಪೆಯ ಲಿಚಿ ನೋಡಲು ಬೇರೆ ಬೇರೆ, ಆದರೆ ಒಂದೇ ಮನೆಯ ಮಕ್ಕಳು. ಆ ಮನೆಯ ಹಿರಿಯ ನಮ್ಮ ಅಂಟುವಾಳ.

ಮೊದಲು ಏನು ತರಬೇಕು ಎಂದು ಕೇಳಿದ್ದೀರಿ. ನನ್ನ ಉತ್ತರ ಮ್ಯಾಂಗೋಸ್ಟೀನ್. ದುಬಾರಿ ನಿಜ, ಆದರೂ ಅದೇ. ಇದು ಮುರುಗಲು (ಕೋಕಂ, ಪುನರ್ಪುಳಿ) ಮತ್ತು ಉಪ್ಪಗೆಯ ಒಡಹುಟ್ಟು, ಗಾರ್ಸಿನಿಯಾ ಕುಲದ್ದು. ಮುರುಗಲಿನ ಹುಳಿ ಪಾನಕ ಕುಡಿದು ಬೆಳೆದ ಮಾವನವರು ಮ್ಯಾಂಗೋಸ್ಟೀನ್ ಸಿಪ್ಪೆಯ ಕಡುಗೆಂಪು ಕಂಡ ಕೂಡಲೇ ಗುರುತು ಹಿಡಿಯುತ್ತಾರೆ. ವ್ಯತ್ಯಾಸವಿಷ್ಟೆ: ಮುರುಗಲಿನಲ್ಲಿ ನಾವು ಬಳಸುವುದು ಸಿಪ್ಪೆ, ಮ್ಯಾಂಗೋಸ್ಟೀನ್‌ನಲ್ಲಿ ತಿನ್ನುವುದು ಒಳಗಿನ ಬಿಳಿ ತೊಳೆ. ಆ ತೊಳೆಯಲ್ಲಿ ಸಿಹಿಯ ಹಿಂದೆಯೇ ಹದವಾದ ಹುಳಿ ಬರುತ್ತದೆ. ಹುಳಿಯಿಲ್ಲದ ಬರೀ ಸಿಹಿ ಹಣ್ಣು ಬೇಗ ಸಾಕೆನಿಸುತ್ತದೆ, ಇದು ಸಾಕೆನಿಸುವುದಿಲ್ಲ. ನಾನು ತಿಂದ ಹಣ್ಣುಗಳಲ್ಲಿ ಇದಕ್ಕಿಂತ ಮೇಲೆ ಯಾವುದನ್ನಾದರೂ ಇಡಬೇಕೆಂದರೆ ಒಳ್ಳೆಯ ಮಾವಿನಹಣ್ಣೊಂದೇ.

ಆರಿಸುವಾಗ ಪ್ರತಿಯೊಂದನ್ನೂ ಕೈಗೆತ್ತಿಕೊಂಡು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ. ಸಿಪ್ಪೆ ಸ್ವಲ್ಪ ಬಾಗಬೇಕು. ಕಲ್ಲಿನಂತೆ ಗಟ್ಟಿಯಾಗಿದ್ದರೆ ಅದು ಕಾಯಲ್ಲ, ಹಳೆಯದು, ಇಲ್ಲವೆ ಚಳಿಗೆ ಕೆಟ್ಟದ್ದು. ಮನೆಗೆ ಒಯ್ದು ಎಷ್ಟು ದಿನ ಇಟ್ಟರೂ ಮೆತ್ತಗಾಗದು. ತೊಟ್ಟಿನ ಸುತ್ತಲಿನ ದಳಗಳು ಹಸಿರಾಗಿದ್ದರೆ ಒಳ್ಳೆಯದು. ಸಿಪ್ಪೆಯ ಮೇಲೆ ಹಳದಿ ಅಂಟು ದಪ್ಪಗೆ ಹರಿದು ಒಣಗಿದ್ದರೆ ಒಳಗಿನ ತೊಳೆಗೂ ಅದು ಇಳಿದಿರುವ ಸಾಧ್ಯತೆಯಿದೆ. ಆ ಅಂಟು ಕಹಿ. ಇನ್ನು ಮಕ್ಕಳಿಗೆ ಇಷ್ಟವಾಗುವ ಒಂದು ಸಂಗತಿ ಇದೆ. ಹಣ್ಣನ್ನು ತಿರುಗಿಸಿ ಬುಡ ನೋಡಿದರೆ ಪುಟ್ಟ ಹೂವಿನಂಥ ಗುರುತು ಕಾಣುತ್ತದೆ. ಅದಕ್ಕೆ ಎಷ್ಟು ಎಸಳಿವೆಯೋ ಒಳಗೆ ಅಷ್ಟೇ ತೊಳೆ. 9 ವರ್ಷದ ಮಗುವಿಗೆ ಎಣಿಸಲು ಹೇಳಿ, ಆಮೇಲೆ ಹಣ್ಣು ಬಿಡಿಸಿ. ಎಸಳು ಹೆಚ್ಚಿದ್ದಷ್ಟೂ ಬೀಜವಿಲ್ಲದ ಸಣ್ಣ ತೊಳೆಗಳು ಹೆಚ್ಚು ಸಿಗುತ್ತವೆ.

ಬಿಡಿಸುವಾಗ ಚಾಕುವನ್ನು ನಡುಭಾಗದಲ್ಲಿ ಸಿಪ್ಪೆಯಷ್ಟೇ ಆಳಕ್ಕೆ ಸುತ್ತಲೂ ಓಡಿಸಿ, ಎರಡು ಕೈಯಲ್ಲಿ ಹಿಡಿದು ತಿರುಚಿದರೆ ಮೇಲಿನ ಟೊಪ್ಪಿಗೆ ಕಳಚಿಕೊಳ್ಳುತ್ತದೆ. ಹಳೆಯ ಬಟ್ಟೆ ಹಾಕಿಸಿ, ಮೇಜಿನ ಮೇಲೆ ಪೇಪರ್ ಹಾಸಿ. ಸಿಪ್ಪೆಯ ರಸ ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ. ತಂದ ಹಣ್ಣನ್ನು ಫ್ರಿಜ್‌ನಲ್ಲಿ ದಿನಗಟ್ಟಲೆ ಇಡಬೇಡಿ. 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿಗೆ ಸಿಪ್ಪೆ ಗಟ್ಟಿಯಾಗಿಬಿಡುತ್ತದೆ. ಎರಡು ಮೂರು ದಿನದಲ್ಲಿ ತಿಂದು ಮುಗಿಸುವಷ್ಟೇ ತನ್ನಿ.

ಹಣ್ಣಿನ ಪೆಟ್ಟಿಗೆಯ ಮೇಲೆ ವಿಕಿರಣದಿಂದ ಸಂಸ್ಕರಿಸಲಾಗಿದೆ ಎಂದು ಬರೆದು, ವೃತ್ತದೊಳಗೆ ಗಿಡದಂಥ ಹಸಿರು ಗುರುತು ಹಾಕಿರುತ್ತಾರೆ. ಅದನ್ನು ಕಂಡು ಹಿಂಜರಿಯುವವರಿದ್ದಾರೆ. ಹಿಂಜರಿಯಬೇಕಿಲ್ಲ. ಹಣ್ಣಿನೊಂದಿಗೆ ಕೀಟ ಬಂದೀತೆಂಬ ಭಯದಿಂದ ಥಾಯ್ಲೆಂಡ್‌ನ ತಾಜಾ ಮ್ಯಾಂಗೋಸ್ಟೀನ್, ರಂಬುಟಾನ್‌ಗಳಿಗೆ ಅಮೆರಿಕ ಬಹುಕಾಲ ಬಾಗಿಲು ಹಾಕಿತ್ತು. 2007ರಲ್ಲಿ 400 ಗ್ರೇ (ಹೀರಿಕೊಂಡ ವಿಕಿರಣದ ಅಳತೆ) ಪ್ರಮಾಣದ ವಿಕಿರಣ ಸಂಸ್ಕರಣೆಯ ಷರತ್ತಿನ ಮೇಲೆ ಬಾಗಿಲು ತೆರೆಯಿತು. ನಮ್ಮ ದೇಶದ ಮಾವು ಅಮೆರಿಕಕ್ಕೆ ಮತ್ತೆ ಹೋಗತೊಡಗಿದ್ದೂ ಅದೇ ವರ್ಷ, ಅದೇ ಷರತ್ತಿನ ಮೇಲೆ, ಮಹಾರಾಷ್ಟ್ರದ ಲಾಸಲ್‌ಗಾಂವ್ ಕೇಂದ್ರದಲ್ಲಿ ಸಂಸ್ಕರಣೆಯಾಗಿ. ಈ ಕಿರಣ ಕೀಟದ ಸಂತಾನಶಕ್ತಿಯನ್ನು ಕೆಡಿಸುತ್ತದೆ. ಹಣ್ಣಿನಲ್ಲಿ ವಿಕಿರಣ ಉಳಿಯುವುದಿಲ್ಲ. ನೀವು ಅಲ್ಲಿ ತಿನ್ನುವ ಆಪೂಸೂ ಈ ದಾರಿಯಲ್ಲೇ ಬಂದದ್ದು.

ಇನ್ನು ಅಂಟುವಾಳದ ಬಳಗ. ರಂಬುಟಾನ್ ಕೊಳ್ಳುವಾಗ ಕೂದಲು ನೋಡಿ. ಕೂದಲು ಮೆತ್ತಗೆ ಬಾಗುವಂತಿದ್ದು ತುದಿಯಲ್ಲಿ ಹಸಿರು ಉಳಿದಿದ್ದರೆ ಅದು ತಾಜಾ. ಪೂರ್ತಿ ಕಪ್ಪಾಗಿ ಒಣಗಿದ್ದರೆ ನೀರಾರಿದೆ ಎಂದರ್ಥ. ಅಮೆರಿಕದಲ್ಲಿ ಇದು ಗ್ವಾಟೆಮಾಲಾ, ಮೆಕ್ಸಿಕೊ ಕಡೆಯಿಂದಲೂ ಬರುತ್ತದೆ. ದೂರ ಕಡಿಮೆಯಾದಷ್ಟೂ ಒಳ್ಳೆಯದು, ಹಾಗಾಗಿ ಬೆಳೆದ ದೇಶದ ಹೆಸರು ಓದಿ. ತಿನ್ನುವಾಗ ಬೀಜದ ಮೇಲಿನ ಕಾಗದದಂಥ ಪೊರೆ ತಿರುಳಿಗೆ ಅಂಟಿಕೊಂಡು ಬಂದರೆ ಹಣ್ಣು ಕೆಟ್ಟಿದೆ ಎಂದುಕೊಳ್ಳಬೇಡಿ, ಕೆಲವು ತಳಿಗಳ ಗುಣವೇ ಅದು. ಲಾಂಗನ್‌ಗೆ ಪರಿಮಳ ಹೆಚ್ಚು, ಹುಳಿ ಇಲ್ಲವೆನ್ನುವಷ್ಟು ಕಡಿಮೆ. ನನಗೆ ಮೂವರಲ್ಲಿ ರಂಬುಟಾನ್ ಇಷ್ಟ.

4 ವರ್ಷದ ಮಗುವಿಗೆ ಈ ಹಣ್ಣುಗಳನ್ನು ಇಡಿಯಾಗಿ ಕೊಡಬಾರದು. ದುಂಡಗಿರುವ ಜಾರು ತಿರುಳು, ನಡುವೆ ಗಟ್ಟಿ ಬೀಜ. ಗಂಟಲಲ್ಲಿ ಸಿಕ್ಕಿಕೊಳ್ಳಲು ಇಷ್ಟು ಸಾಕು. ಬೀಜ ತೆಗೆದು ನಾಲ್ಕು ಹೋಳು ಮಾಡಿ, ಕೂರಿಸಿ ತಿನ್ನಿಸಿ. ಆಡುತ್ತ ಓಡುತ್ತ ತಿನ್ನಲು ಬಿಡಬೇಡಿ.

ಈ ಬಳಗದಲ್ಲಿ ಇನ್ನೊಂದು ಗುಣವಿದೆ. ಬಿಹಾರದ ಮುಜಫ್ಫರ್‌ಪುರದಲ್ಲಿ ಲಿಚಿಯ ಕಾಲಕ್ಕೆ ಮಕ್ಕಳು ಬೆಳಗಿನ ಜಾವ ಫಿಟ್ಸ್ ಬಂದು ಸಾಯುತ್ತಿದ್ದ ಸುದ್ದಿಯನ್ನು ನೀವೂ ಓದಿರುತ್ತೀರಿ. 2014ರಲ್ಲಿ ಅಲ್ಲಿ ನಡೆದ ತನಿಖೆಯ ಫಲಿತಾಂಶ 2017ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಲಿಚಿಯಲ್ಲಿರುವ ಹೈಪೊಗ್ಲೈಸಿನ್ ಮತ್ತು ಅದರ ಜೊತೆಗಾರ ವಸ್ತು, ದೇಹ ತನ್ನ ಕೊಬ್ಬಿನಿಂದ ಶಕ್ತಿ ಮಾಡಿಕೊಳ್ಳುವುದನ್ನು ತಡೆಯುತ್ತವೆ. ರಾತ್ರಿ ಊಟವಿಲ್ಲದೆ ಮಲಗಿದ ಮಗುವಿನ ರಕ್ತದ ಸಕ್ಕರೆ ಪಾತಾಳಕ್ಕಿಳಿಯುತ್ತದೆ. ಕಾಯಿ ಲಿಚಿಯಲ್ಲಿ ಈ ವಸ್ತುಗಳು ಹೆಚ್ಚು. ಹೊಟ್ಟೆ ತುಂಬ ಉಂಡು ಮಲಗುವ ನಿಮ್ಮ ಮಕ್ಕಳು ಬಲಿತ ಹಣ್ಣು ನಾಲ್ಕಾರು ತಿಂದರೆ ಭಯಪಡಬೇಕಿಲ್ಲ. ಊಟ ಬಿಟ್ಟು ಹಣ್ಣನ್ನೇ ತಿಂದು ಮಲಗುವುದು ಬೇಡ, ಈ ಬಳಗದ ಯಾವ ಹಣ್ಣಿನ ಬೀಜವನ್ನೂ ಕಡಿಯುವುದು ಬೇಡ.

ಇದೇ ಹೈಪೊಗ್ಲೈಸಿನ್ ಅತಿ ಹೆಚ್ಚಾಗಿರುವುದು ಆಕಿಯಲ್ಲಿ, ಜಮೈಕಾದ ರಾಷ್ಟ್ರೀಯ ಹಣ್ಣಿನಲ್ಲಿ. ಅದೂ ಅಂಟುವಾಳದ ಬಳಗವೇ. ಮರದಲ್ಲೇ ತಾನಾಗಿ ಬಾಯಿ ಬಿಡುವ ಮೊದಲು ಕಿತ್ತ ಆಕಿ ಪ್ರಾಣಕ್ಕೇ ಕುತ್ತು. ಅದಕ್ಕೇ ಅಮೆರಿಕದಲ್ಲಿ ಅದರ ಆಮದಿನ ಮೇಲೆ ಕಟ್ಟುನಿಟ್ಟಿನ ನಿಗಾ ಇದೆ, ಅನುಮತಿ ಪಡೆದ ತಯಾರಕರು ಸಂಸ್ಕರಿಸಿದ ಆಕಿ ಮಾತ್ರ ಬರುತ್ತದೆ. ಕೆರಿಬಿಯನ್ ಸಾಮಾನಿನ ಸಾಲಿನಲ್ಲಿ ಡಬ್ಬಿ ಸಿಕ್ಕರೆ ಧೈರ್ಯವಾಗಿ ತನ್ನಿ. ಅದು ಸಿಹಿ ಹಣ್ಣಲ್ಲ. ನೀರು ಬಸಿದು ಈರುಳ್ಳಿ, ಮೆಣಸಿನಕಾಯಿ ಒಗ್ಗರಣೆಯಲ್ಲಿ ಮೆಲ್ಲಗೆ ಮಗುಚಿದರೆ ಒಳ್ಳೆಯ ಪಲ್ಯವಾಗುತ್ತದೆ. ಯಾರದೋ ಹಿತ್ತಲಿನ ಹಸಿ ಆಕಿ ಕೊಟ್ಟರೆ ಮಾತ್ರ ನಯವಾಗಿ ಬೇಡವೆನ್ನಿ.

ಡುರಿಯನ್ ಬಗ್ಗೆ ಎಲ್ಲರೂ ವಾಸನೆಯನ್ನೇ ಮಾತಾಡುತ್ತಾರೆ. ವಾಸನೆ ಇರುವುದು ನಿಜ, ಗಂಧಕದ ಸಂಯುಕ್ತಗಳಿಂದ ಬರುವಂಥದು. ಸಿಂಗಪುರದ ಮೆಟ್ರೊ ರೈಲಿನಲ್ಲಿ ಇದನ್ನು ಒಯ್ಯುವಂತಿಲ್ಲ. ಆದರೆ ಈರುಳ್ಳಿ ಬೆಳ್ಳುಳ್ಳಿಯ ಘಾಟೂ ಗಂಧಕದ್ದೇ, ನಮ್ಮ ಒಗ್ಗರಣೆಯ ಇಂಗಿನದೂ ಹಾಗೆಯೇ. ಇಂಗಿಗೆ ಒಗ್ಗಿದ ಮೂಗು ಡುರಿಯನ್‌ಗೂ ಒಗ್ಗುತ್ತದೆ, ಸ್ವಲ್ಪ ಸಮಯ ಕೊಡಬೇಕಷ್ಟೆ. ಮೊದಲ ಸಲಕ್ಕೆ ಇಡೀ ಕಾಯಿ ಕೊಳ್ಳಬೇಡಿ. ಅಮೆರಿಕದಲ್ಲಿ ಸಿಗುವ ಇಡೀ ಡುರಿಯನ್ ಬಹುಪಾಲು ಥಾಯ್ಲೆಂಡ್‌ನಿಂದ ಹೆಪ್ಪುಗಟ್ಟಿಸಿ ಬಂದದ್ದು. ಒಳಗೆ ಎಷ್ಟು ತೊಳೆ ಇದೆ, ಹೇಗಿದೆ ಎಂದು ಹೊರಗಿನಿಂದ ಕಾಣದು. ಫ್ರೀಜರ್ ಸಾಲಿನಲ್ಲಿ ಬಿಡಿಸಿದ ತೊಳೆಗಳ ಪೊಟ್ಟಣ ಸಿಗುತ್ತದೆ, ಅದನ್ನು ತನ್ನಿ. ಮೊಂಥಾಂಗ್ ಎಂಬ ಥಾಯ್ ತಳಿಯಾದರೆ ವಾಸನೆ ಸೌಮ್ಯ, ತಿರುಳು ದಪ್ಪ. ಮಲೇಷ್ಯಾದ ಮುಸಾಂಗ್ ಕಿಂಗ್ ಹೆಚ್ಚು ಗಾಢ, ಹಿಂದೆ ಒಂದು ಕಹಿಯೂ ಇರುತ್ತದೆ. ಅದು ಎರಡನೆಯ ಹಂತಕ್ಕಿರಲಿ. ರಾತ್ರಿ ಫ್ರಿಜ್‌ನಲ್ಲಿಟ್ಟು ಕರಗಿಸಿ, ಮರುದಿನ ಹೊರಗಿನ ಡೆಕ್ ಮೇಲೆ ಕೂತು, ಚಮಚದಲ್ಲಿ ಒಂದಿಷ್ಟು ತಿನ್ನಿ. ಮಿಕ್ಕಿದ್ದನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಡದಿದ್ದರೆ ಫ್ರಿಜ್‌ನ ಹಾಲು ಮೊಸರಿಗೆಲ್ಲ ವಾಸನೆ ಹತ್ತುತ್ತದೆ. ಡುರಿಯನ್ ತಿಂದ ದಿನ ಮನೆಯ ದೊಡ್ಡವರು ಮದ್ಯ ಮುಟ್ಟದಿರುವುದು ಒಳ್ಳೆಯದು. ಮದ್ಯವನ್ನು ಕರಗಿಸುವ ಕಿಣ್ವವನ್ನು ಡುರಿಯನ್ ಸಾರ ತಡೆಯುತ್ತದೆ ಎಂದು ಜಪಾನ್‌ನ ಸುಕುಬಾ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಕಂಡುಬಂದಿದೆ.

ಮಾವನವರಿಗೆ ಡುರಿಯನ್ ಬೇಡ. 100 ಗ್ರಾಂ ತಿರುಳಿನಲ್ಲಿ ಸುಮಾರು 147 ಕ್ಯಾಲೊರಿ, 27 ಗ್ರಾಂ ಪಿಷ್ಟ ಸಕ್ಕರೆ, 430 ಮಿಲಿಗ್ರಾಂಗೂ ಮಿಕ್ಕಿ ಪೊಟ್ಯಾಸಿಯಂ ಇದೆ. ಕಿಡ್ನಿ ದುರ್ಬಲವಾದಾಗ ಪೊಟ್ಯಾಸಿಯಂ ರಕ್ತದಲ್ಲಿ ಏರಿ ಹೃದಯದ ಬಡಿತವನ್ನೇ ಕೆಡಿಸಬಲ್ಲದು. ಬಾಳೆಹಣ್ಣು, ಎಳನೀರಿನ ಬಗ್ಗೆ ಅವರ ವೈದ್ಯರು ಎಚ್ಚರಿಸಿದ್ದರೆ ಕಾರಣ ಇದೇ. ನೀಲಗಿರಿಯ ಬುರ್ಲಿಯಾರ್‌ನಲ್ಲಿ ಸಿಗುವ ಡುರಿಯನ್ ತಿಂದರೆ ಮಕ್ಕಳಾಗುತ್ತವೆಂದು ನಂಬಿ ದೂರದಿಂದ ಬಂದು ಕೊಳ್ಳುವವರಿದ್ದಾರೆ. ಆ ನಂಬಿಕೆಗೆ ವೈದ್ಯಕೀಯ ಆಧಾರವಿಲ್ಲ. ರುಚಿಗಾಗಿ ತಿನ್ನಿ.

ಔಷಧವೆಂಬ ನಂಬಿಕೆ ಇದಕ್ಕಿಂತ ಹೆಚ್ಚು ಹಾನಿ ಮಾಡುತ್ತಿರುವುದು ಸೋರ್‌ಸಾಪ್ ವಿಷಯದಲ್ಲಿ. ನಮ್ಮ ಲಕ್ಷ್ಮಣಫಲ, ಮುಳ್ಳು ರಾಮಫಲ ಎನ್ನುವುದು ಇದನ್ನೇ. ಅಲ್ಲಿಯ ಲ್ಯಾಟಿನ್ ಅಮೆರಿಕನ್ ಸಾಲಿನಲ್ಲಿ ಗ್ವಾನಾಬಾನಾ ಎಂದು ಬರೆದಿರುತ್ತಾರೆ. ಸೀತಾಫಲದ ಬಳಗ. ಹಣ್ಣಿನ ಹುಳಿಸಿಹಿ ತಿರುಳು ಹಾಲಿನೊಂದಿಗೆ ತಿರುವಿ ಕುಡಿಯಲು ಬಹಳ ಚೆನ್ನ. ಹಸಿರು ಮಂಕಾಗಿ, ಒತ್ತಿದರೆ ಮೆತ್ತಗೆನ್ನಿಸಿದ ದಿನವೇ ಬಿಡಿಸಬೇಕು, ಮರುದಿನಕ್ಕೆ ಹುಳಿತಿರುತ್ತದೆ. ಆದರೆ ಕ್ಯಾನ್ಸರ್ ವಾಸಿಯಾಗುತ್ತದೆಂಬ ವಾಟ್ಸ್‌ಆ್ಯಪ್ ಸಂದೇಶ ನಿಮಗೂ ಬಂದಿರುತ್ತದೆ. ಮನುಷ್ಯರಲ್ಲಿ ಅದನ್ನು ಯಾರೂ ಸಾಬೀತುಮಾಡಿಲ್ಲ. ಪ್ರಯೋಗಾಲಯದ ತಟ್ಟೆಯಲ್ಲಿ ಕ್ಯಾನ್ಸರ್ ಕೋಶವನ್ನು ಕೊಲ್ಲುವ ಅನೊನಾಸಿನ್ ಎಂಬ ಅದೇ ವಸ್ತು ಮಿದುಳಿನ ಕೋಶಕ್ಕೂ ವಿಷ. ಕೆರಿಬಿಯನ್ ದ್ವೀಪ ಗ್ವಾಡೆಲೂಪ್‌ನಲ್ಲಿ ಪಾರ್ಕಿನ್ಸನ್ ತರಹದ, ಮಾಮೂಲಿ ಔಷಧಕ್ಕೆ ಬಗ್ಗದ ನಡುಕದ ಕಾಯಿಲೆ ಹೆಚ್ಚಿರುವುದಕ್ಕೂ, ಈ ಹಣ್ಣನ್ನು ಮತ್ತು ಇದರ ಎಲೆಯ ಕಷಾಯವನ್ನು ಅಲ್ಲಿಯ ಜನ ನಿತ್ಯ ಸೇವಿಸುವುದಕ್ಕೂ ನಂಟಿದೆ ಎಂದು 1999ರಲ್ಲಿ ಲ್ಯಾನ್ಸೆಟ್‌ನಲ್ಲಿ ವರದಿಯಾಯಿತು. ಕಾರಣ ಇದೇ ಎಂದು ಖಚಿತವಾಗಿಲ್ಲವಾದರೂ ಎಲೆಯ ಚಹಾ, ಕ್ಯಾಪ್ಸೂಲ್‌ಗಳ ಹತ್ತಿರ ಹೋಗಬೇಡಿ ಎನ್ನಲು ನನಗೆ ಇಷ್ಟು ಸಾಕು. ಯಾವಾಗಲೋ ಒಮ್ಮೆ ಹಣ್ಣು ತಿಂದರೆ ತೊಂದರೆಯಿಲ್ಲ. ಬೀಜಗಳನ್ನು ಒಂದೂ ಬಿಡದೆ ತೆಗೆಯಿರಿ. ಮಿಕ್ಸಿಗೆ ಹಾಕುವ ಮೊದಲೇ ತೆಗೆಯಬೇಕು, ಈ ಬಳಗದ ಎಲ್ಲ ಬೀಜವೂ ವಿಷ. ಸೀತಾಫಲದ ಬೀಜದ ಪುಡಿ ಕಣ್ಣಿಗೆ ಬಿದ್ದರೆ ಏನಾಗುತ್ತದೆಂದು ಊರಿನ ಹಿರಿಯರಿಗೆ ಗೊತ್ತು. ಸೀತಾಫಲದ ರುಚಿಯೇ ಬೇಕೆಂದರೆ ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾದ ಚೆರಿಮೋಯಾ ಬರುತ್ತದೆ, ಆಗ ತನ್ನಿ.

ಮಾಮೆ ಸಪೋಟೆ ನಮ್ಮ ಚಿಕ್ಕುವಿನ ಬಳಗ, ಹಿಪ್ಪೆ ಮತ್ತು ಬಕುಳದ ನೆಂಟ. ಫ್ಲಾರಿಡಾದಲ್ಲಿ ಬೆಳೆಯುವುದರಿಂದ ನಿಮಗೆ ಹತ್ತಿರ. ಹೊರಗಿನ ಕಂದು ಸಿಪ್ಪೆ ನೋಡಿ ಹಣ್ಣಾಗಿದೆಯೇ ಎಂದು ಹೇಳಲು ಸಾಧ್ಯವಿಲ್ಲ. ತೊಟ್ಟಿನ ಹತ್ತಿರ ಉಗುರಿನಿಂದ ಚೂರು ಕೆರೆದು ನೋಡಬೇಕು: ಒಳಗೆ ಹಸಿರಿದ್ದರೆ ಬಲಿತಿಲ್ಲ, ಕೆಂಪುಮಿಶ್ರಿತ ಕಿತ್ತಳೆ ಬಣ್ಣವಿದ್ದರೆ ಬಲಿತಿದೆ, ಮನೆಯಲ್ಲಿಟ್ಟು ಹಣ್ಣು ಮಾಡಬಹುದು. ಅಂಗಡಿಯಲ್ಲಿ ಆಗಲೇ ಕೆರೆದಿಟ್ಟಿರುವುದೂ ಉಂಟು. ಚಿಕ್ಕು ಇಷ್ಟಪಡುವ ಮಕ್ಕಳಿಗೆ ಇದರ ಮಿಲ್ಕ್‌ಶೇಕ್ ಖಂಡಿತ ಹಿಡಿಸುತ್ತದೆ.

ಡ್ರ್ಯಾಗನ್ ಫ್ರೂಟ್ ಈಗ ವಿಜಯಪುರದಲ್ಲೂ ಬೆಳೆಯುತ್ತದೆ, ಹೊಸತೇನಲ್ಲ. ಬೆಂಗಳೂರಿನ ಮನೆಗಳಲ್ಲಿ ರಾತ್ರಿ ಅರಳುವ, ಬ್ರಹ್ಮಕಮಲ ಎಂದು ಪೂಜಿಸುವ ಕಳ್ಳಿಯ ಬಳಗವೇ ಇದು. ಬಿಳಿ ತಿರುಳಿನದು ಸಪ್ಪೆ. ನಿಮ್ಮಲ್ಲಿ ಈಕ್ವಡಾರ್‌ನ ಹಳದಿ ಸಿಪ್ಪೆಯದು ಸಿಗುತ್ತದೆ, ಅದು ನಿಜಕ್ಕೂ ಸಿಹಿ. ಆದರೆ ಹೊಟ್ಟೆಯನ್ನು ಸಡಿಲ ಮಾಡುತ್ತದೆ, ಮಕ್ಕಳಿಗೆ ಅರ್ಧ ಹಣ್ಣು ಸಾಕು. ಕೆಂಪು ತಿರುಳಿನದು ತಿಂದ ಮರುದಿನ ಮೂತ್ರ, ಮಲ ಕೆಂಪಾದರೆ ರಕ್ತವೆಂದು ಗಾಬರಿಯಾಗಬೇಡಿ, ಬೀಟ್‌ರೂಟ್ ತಿಂದಾಗಲೂ ಹಾಗಾಗುತ್ತದೆ. ಪ್ಯಾಷನ್ ಫ್ರೂಟ್ ಸುಕ್ಕುಗಟ್ಟಿದಷ್ಟೂ ಸಿಹಿ. ಜೀಗುಜ್ಜೆ ಕೆರಿಬಿಯನ್ ಸಾಲಿನಲ್ಲಿ ಬ್ರೆಡ್‌ಫ್ರೂಟ್ ಎಂಬ ಹೆಸರಲ್ಲಿರುತ್ತದೆ, ಪೋಡಿ ಮಾಡಿ.

ಚಕ್ಕೋತದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಪೊಮೆಲೊ ಎಂಬ ಹೆಸರಿನಲ್ಲಿ ಅದು ಅಲ್ಲಿದ್ದೇ ಇರುತ್ತದೆ. ದೇವನಹಳ್ಳಿ ಚಕ್ಕೋತ ಕಂಡವರು ಸಂತೋಷದಿಂದ ಕೊಳ್ಳುತ್ತಾರೆ. ಗ್ರೇಪ್‌ಫ್ರೂಟ್ ಇದರದೇ ಸಂತತಿ. ಸಿಮ್ವಾಸ್ಟಾಟಿನ್, ಅಟೋರ್ವಾಸ್ಟಾಟಿನ್‌ನಂಥ ಕೊಲೆಸ್ಟ್ರಾಲ್ ಮಾತ್ರೆಗಳನ್ನು ಕರಗಿಸುವ ಕಿಣ್ವವನ್ನು ತಡೆದು, ರಕ್ತದಲ್ಲಿ ಆ ಔಷಧದ ಮಟ್ಟವನ್ನು ಏರಿಸುವ ವಸ್ತುಗಳು ಇವೆರಡರಲ್ಲೂ ಇವೆ. ಬೆಳಿಗ್ಗೆ ಹಣ್ಣು, ರಾತ್ರಿ ಮಾತ್ರೆ ಎಂದು ಅಂತರ ಕೊಟ್ಟರೂ ಪ್ರಯೋಜನವಿಲ್ಲ, ಪರಿಣಾಮ ಒಂದು ದಿನಕ್ಕೂ ಮೀರಿ ಉಳಿಯುತ್ತದೆ. ಮಾವನವರ ಮಾತ್ರೆಯ ಹೆಸರನ್ನು ಫಾರ್ಮಸಿಯಲ್ಲಿ ತೋರಿಸಿ ಕೇಳಿ, ಅಲ್ಲಿಯವರೆಗೆ ಚಕ್ಕೋತ ತಿನ್ನಿಸಬೇಡಿ.

ಹಾಗಾದರೆ ಅವರು ಏನನ್ನೂ ತಿನ್ನಬಾರದೇ ಎಂದು ಬೇಸರವಾಗಬಹುದು. ಹಾಗಿಲ್ಲ. ಊಟದ ಜೊತೆ ಎರಡು ಮೂರು ಮ್ಯಾಂಗೋಸ್ಟೀನ್ ಅಥವಾ ನಾಲ್ಕು ರಂಬುಟಾನ್ ತಿನ್ನಬಹುದು, ಆ ದಿನ ಬೇರೆ ಹಣ್ಣು ಬಿಟ್ಟು, ಅನ್ನ ಒಂದು ಹಿಡಿ ಕಡಿಮೆ ಮಾಡಿ. ಇತ್ತೀಚಿನ ರಕ್ತಪರೀಕ್ಷೆಯ ಪೊಟ್ಯಾಸಿಯಂ ಮಟ್ಟ ನೋಡಿ ವೈದ್ಯರು ಒಪ್ಪಿದರೆ ಸಾಕು. ಜ್ಯೂಸ್, ಒಣಗಿಸಿದ ಲಾಂಗನ್, ಸಕ್ಕರೆ ಪಾಕದ ಡಬ್ಬಿ ಹಣ್ಣು ಇವು ಬೇಡ.

ಹಣ್ಣು ಮಾಡುವ ವಿಷಯ ಬಾಕಿಯಿದೆ. ಮಾವಿನಕಾಯಿಯನ್ನು ಹುಲ್ಲಿನಲ್ಲಿ ಮುಚ್ಚಿ ಹಣ್ಣಿಗೆ ಹಾಕುವುದು ನಿಮಗೆ ಗೊತ್ತೇ ಇದೆ. ಹಾಗೆ ಕಿತ್ತ ಮೇಲೂ ಹಣ್ಣಾಗುವವು ಮಾಮೆ, ಸೋರ್‌ಸಾಪ್, ಚೆರಿಮೋಯಾ, ಹಲಸು, ಪಪ್ಪಾಯ. ಇವನ್ನು ಬಾಳೆಹಣ್ಣಿನ ಜೊತೆ ಕಾಗದದ ಚೀಲದಲ್ಲಿ ಕಟ್ಟಿಡಿ, ಬಾಳೆಯಿಂದ ಹೊರಡುವ, ಹಣ್ಣು ಮಾಗಿಸುವ ಎಥಿಲೀನ್ ಅನಿಲ ಕೆಲಸ ಮಾಡುತ್ತದೆ. ಮೆತ್ತಗಾಗುವ ಮೊದಲು ಫ್ರಿಜ್‌ಗೆ ಇಟ್ಟರೆ ಒಳಗೇ ಕಪ್ಪಾಗಿ ಕೆಡುತ್ತವೆ. ರಂಬುಟಾನ್, ಲಿಚಿ, ಲಾಂಗನ್, ಅನಾನಸ್, ಸ್ಟಾರ್ ಫ್ರೂಟ್‌ಗಳಿಗೆ ಈ ಗುಣವಿಲ್ಲ. ಕಿತ್ತಾಗ ಎಷ್ಟು ಸಿಹಿಯೋ ಅಷ್ಟೇ, ಆಮೇಲೆ ಒಣಗುತ್ತವೆಯೇ ಹೊರತು ಸಿಹಿಯಾಗುವುದಿಲ್ಲ. ಅದಕ್ಕೆ ಇವನ್ನು ತಾಜಾ ಕಂಡ ದಿನವೇ ತಂದು ತಿನ್ನಬೇಕು. ಮಕ್ಕಳಿಗೆ ಒಂದು ದಿನಕ್ಕೆ ಒಂದೇ ಹೊಸ ಹಣ್ಣು, ಅದೂ ಮೊದಲು ಚೂರು. ಬಾಯಿ ತುರಿಸಿದರೆ, ತುಟಿ ಊದಿದರೆ ಯಾವುದರಿಂದ ಎಂದು ತಿಳಿಯುತ್ತದೆ. ಮನೆಯಲ್ಲಿ ಯಾರಿಗಾದರೂ ರಬ್ಬರ್ ಗ್ಲವ್ಸ್‌ನಿಂದ ಅಲರ್ಜಿ ಆಗುತ್ತಿದ್ದರೆ ಬೆಣ್ಣೆಹಣ್ಣು, ಕಿವಿ, ಬಾಳೆ, ಪಪ್ಪಾಯದ ವಿಷಯದಲ್ಲೂ ಎಚ್ಚರ ಬೇಕು.

ಬೀಜ ಒಯ್ಯುವ ಆಸೆಯನ್ನು ಮಾವನವರು ಬಿಡಬೇಕು. ಹೊರದೇಶದಿಂದ ಬೀಜ ತರಲು ಸಸ್ಯ ಸಂಪರ್ಕ ನಿಷೇಧ (ಪ್ಲಾಂಟ್ ಕ್ವಾರಂಟೈನ್) ಕಾನೂನಿನ ಪ್ರಕಾರ ಪರವಾನಗಿ ಬೇಕು, ಬ್ಯಾಗಿನಲ್ಲಿ ಅಡಗಿಸಿ ತಂದರೆ ರೋಗಕೀಟಗಳೂ ಜೊತೆಗೆ ಬಂದಾವು. ಅಡಿಕೆ ತೋಟಕ್ಕೆ ಹಳದಿ ಎಲೆ ರೋಗ, ಎಲೆಚುಕ್ಕಿ ಸಾಲದೇ? ಅದಲ್ಲದೆ ರಂಬುಟಾನ್ ಬೀಜ ನೆಟ್ಟರೆ ಹುಟ್ಟುವ ಗಿಡ ಗಂಡಾಗಬಹುದು, ಅದು ವರ್ಷವರ್ಷ ಹೂ ಬಿಟ್ಟರೂ ಒಂದು ಹಣ್ಣೂ ಕೊಡುವುದಿಲ್ಲ. ಗಂಡೋ ಹೆಣ್ಣೋ ಎಂದು ತಿಳಿಯಲು ಹೂ ಬಿಡುವವರೆಗೆ ಕಾಯಬೇಕು. ಮ್ಯಾಂಗೋಸ್ಟೀನ್ ಬೀಜದ ಗಿಡ ತಾಯಿಯ ಗುಣವನ್ನೇ ಉಳಿಸಿಕೊಂಡರೂ ಫಲಕ್ಕೆ ಏಳೆಂಟು ವರ್ಷವೋ ಅದಕ್ಕಿಂತ ಹೆಚ್ಚೋ ಹಿಡಿಯುತ್ತದೆ. ಕೊಡಗಿನ ಚೆಟ್ಟಳ್ಳಿಯಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರವಿದೆ. ಅಲ್ಲಿಂದಲೇ ಬಂದ ರಂಬುಟಾನ್ ತಳಿಗಳು ಅರ್ಕಾ ಕೂರ್ಗ್ ಅರುಣ್, ಅರ್ಕಾ ಕೂರ್ಗ್ ಪೀತಾಭ್. ಮೊದಲನೆಯದರ ಹಣ್ಣು ಕೆಂಪು, ಎರಡನೆಯದರದು ಹಳದಿ. ಮಾವನವರು ಊರಿಗೆ ಮರಳಿದ ಮೇಲೆ ಅಲ್ಲಿಗೆ ಬರೆದು ಕಸಿ ಗಿಡ ವಿಚಾರಿಸಲಿ. ಮಳೆಗಾಲದ ಆರಂಭದಲ್ಲಿ, ನೀರು ನಿಲ್ಲದ ಕಡೆ, ಸಾಲುಗಳ ನಡುವೆ ಬಿಸಿಲು ಬೀಳುವ ಜಾಗ ನೋಡಿ ನೆಡಬೇಕು. ಹಣ್ಣು ಬಲಿಯುವ ಹೊತ್ತಿಗೆ ಬಾವಲಿಗಳು ಬರುತ್ತವೆ, ಬಲೆ ಹೊದಿಸಲು ಮರವನ್ನು ಗಿಡ್ಡವಾಗಿಯೇ ಸವರಿ ಇಟ್ಟುಕೊಳ್ಳಲು ಹೇಳಿ.